ಬಿಜಿ-2 ಹತ್ತಿ ಬೀಜದ ಪ್ಯಾಕೆಟ್: 901 ರೂಪಾಯಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಮೊದಲೇ ತೀರ್ಪು ಹೇಳಿಬಿಡುತ್ತೇನೆ, ಉಳಿದದ್ದನ್ನು ಪುರುಸೊತ್ತಿದ್ದವರು ಓದಿಕೊಳ್ಳಿ. ಬಿಜಿ-2 ಎಂದರೆ ಬೋಲ್‌ಗಾರ್ಡ್-2, ಕಾಯಿ ಕೊರೆಯುವ ಹುಳ ಸಾಯಲಿ ಅಂತ ಬಿಟಿ ಎಂಬ ಬ್ಯಾಕ್ಟೀರಿಯಾದ ಎರಡು ಜೀನ್ ಸೇರಿಸಿದ ಹತ್ತಿ. ಅದಕ್ಕೆ ನಾನು ಕೊಡುವುದು ಐದಕ್ಕೆ ಮೂರು ನಕ್ಷತ್ರ. ಹಸಿರು ಕಾಯಿಕೊರಕದ ವಿಷಯ ಮಾತ್ರ ನೋಡಿದರೆ ಕಣ್ಣು ಮುಚ್ಚಿ ಐದು ಕೊಡಬಹುದು. ಗುಲಾಬಿ ಕಾಯಿಕೊರಕದ ವಿಷಯಕ್ಕೆ ಬಂದರೆ ಒಂದು ಕೊಡುವುದೂ ಕಷ್ಟ. ಎರಡನ್ನೂ ತೂಗಿ ಮೂರು.

ಕಂಪನಿಯ ಹೆಸರು ಯಾಕೆ ಬರೆದಿಲ್ಲ ಅಂತ ಕೇಳಬೇಡಿ. ಅಂಗಡಿಯ ಗೋಡೆ ತುಂಬ ಬಣ್ಣಬಣ್ಣದ ಪ್ಯಾಕೆಟ್ ನೇತು ಹಾಕಿರುತ್ತಾರೆ, ಒಂದೊಂದರ ಮೇಲೂ ತೆಂಗಿನಕಾಯಿ ಗಾತ್ರದ ಹತ್ತಿಕಾಯಿಯ ಫೋಟೊ ಇರುತ್ತದೆ, ಆದರೆ ಬಿಜಿ-2 ಎಂದು ಬರೆದಿರುವ ಬಹುತೇಕ ಎಲ್ಲ ಪ್ಯಾಕೆಟ್ಟಿನೊಳಗೂ ಹುಳ ಕೊಲ್ಲುವ ಜೀನ್ ಒಂದೇ ಮೂಲದ್ದು. ಬೇರೆಯಾಗುವುದು ಅದರ ಹಿಂದಿರುವ ಹೈಬ್ರಿಡ್ ಮಾತ್ರ. ಕಾಯಿಯ ಗಾತ್ರ, ಎಷ್ಟು ದಿನದ ಬೆಳೆ, ಜಿಗಿಹುಳ ತಡೆದುಕೊಳ್ಳುತ್ತದೋ ಇಲ್ಲವೋ, ಇವೆಲ್ಲ ಹೈಬ್ರಿಡ್‌ಗೆ ಬಿಟ್ಟ ವಿಷಯ. ನಾನಿಲ್ಲಿ ನೋಡುತ್ತಿರುವುದು ಎಲ್ಲ ಪ್ಯಾಕೆಟ್‌ಗೂ ಸಾಮಾನ್ಯವಾದ ಆ ಜೀನಿನ ಕೆಲಸವನ್ನು.

ನಮ್ಮದು ಹಾವೇರಿ ಕಡೆಯ ಎರೆ ಹೊಲ, ಮಳೆ ನಂಬಿದ ಹತ್ತಿ. ಓದಿದ್ದು ಜೈವಿಕ ತಂತ್ರಜ್ಞಾನ, ಕೆಲವು ಕಾಲ ಅಂಗಾಂಶ ಕೃಷಿಯ, ಅಂದರೆ ಗಿಡದ ಚೂರಿನಿಂದ ಗಿಡ ಬೆಳೆಸುವ, ಲ್ಯಾಬಿನಲ್ಲಿ ಇದೇ ಹತ್ತಿಯ ಜೊತೆ ಗುದ್ದಾಡಿದ್ದೇನೆ. ಹಾಗಾಗಿ ಈ ಪ್ಯಾಕೆಟ್ಟಿನ ಎರಡೂ ತುದಿ ನನಗೆ ಗೊತ್ತು.

ಒಳಗೆ ಏನಿದೆ ನೋಡೋಣ. ಪ್ಯಾಕೆಟ್ 475 ಗ್ರಾಂ. ಅದರಲ್ಲಿ 450 ಗ್ರಾಂ ಬಿಟಿ ಬೀಜ, 25 ಗ್ರಾಂ ಬಿಟಿ ಅಲ್ಲದ ಬೀಜ, ಎರಡೂ ಬೆರೆಸಿಯೇ ಬರುತ್ತವೆ. ಸರ್ಕಾರ 2025ರ ಮುಂಗಾರಿಗೆ ನಿಗದಿ ಮಾಡಿದ ಗರಿಷ್ಠ ಬೆಲೆ 901 ರೂಪಾಯಿ. ಲೆಕ್ಕಕ್ಕೆ ನಾಲ್ಕೈದು ಸಾವಿರ ಬೀಜ ಇರುತ್ತವೆ. ಬೀಜಕ್ಕೆ ಅಂಟಿದ ಜುಂಗು ತೆಗೆದು, ಔಷಧ ಹಚ್ಚಿ, ಬಣ್ಣ ಕೊಟ್ಟಿರುತ್ತಾರೆ. ಆ ಔಷಧದಿಂದ ಮೊದಲ ತಿಂಗಳು ರಸ ಹೀರುವ ಹುಳದ ಕಾಟ ಸ್ವಲ್ಪ ಕಡಿಮೆ ಇರುತ್ತದೆ, ಅದು ಬಿಟಿ ಜೀನಿನ ಕೆಲಸ ಅಲ್ಲ. ಹೈಬ್ರಿಡ್ ಹತ್ತಿಗೆ ಕನಿಷ್ಠ ಮೊಳಕೆ 75 ಪರ್ಸೆಂಟ್ ಇರಬೇಕು ಎಂಬುದು ನಿಯಮ. ನಮ್ಮ ಹೊಲದಲ್ಲಿ ಹದವಾದ ಮಳೆ ಬಿದ್ದು ಬಿತ್ತಿದಾಗೆಲ್ಲ ಮೊಳಕೆಯ ಬಗ್ಗೆ ತಕರಾರು ಬಂದಿಲ್ಲ. ಒಣ ಮಣ್ಣಿಗೆ ಹಾಕಿ ಆಕಾಶ ನೋಡಿದರೆ ಯಾವ ಬೀಜವೂ ಉಳಿಯುವುದಿಲ್ಲ, ಅದಕ್ಕೆ ಪ್ಯಾಕೆಟ್ಟನ್ನು ಬೈದು ಪ್ರಯೋಜನ ಇಲ್ಲ.

ಬೆಲೆ ಜಾಸ್ತಿ ಅನ್ನುವವರಿಗೆ ಒಂದು ಮಾತು. ಬಿಟಿ ಬಂದ ಹೊಸದರಲ್ಲಿ ಇದೇ 450 ಗ್ರಾಂಗೆ 1600 ರೂಪಾಯಿಗೂ ಮೇಲೆ ಕೊಟ್ಟಿದ್ದಾರೆ, ಅದೂ ಇಪ್ಪತ್ತು ವರ್ಷದ ಹಿಂದಿನ 1600. ಆಂಧ್ರ ಸರ್ಕಾರ 2006ರಲ್ಲಿ ಇದರ ವಿರುದ್ಧ ದೂರು ಕೊಟ್ಟು ಹೋರಾಡಿದ ಮೇಲೆ ಬೆಲೆ ಅರ್ಧಕ್ಕೂ ಕೆಳಗೆ ಇಳಿಯಿತು. ಆ 1600ರಲ್ಲಿ ದೊಡ್ಡ ಪಾಲು ಜೀನಿನ ಬಾಡಿಗೆ, ಅಂದರೆ ಜೀನ್ ಬಳಸಲು ಅದರ ಒಡೆಯರಿಗೆ ಕೊಡುವ ಹಣ. 2020ರಿಂದ ಸರ್ಕಾರ ಆ ಬಾಡಿಗೆಯನ್ನು ಸೊನ್ನೆಗೆ ಇಳಿಸಿದೆ. ಅಂದರೆ ಈ 901 ಪೂರ್ತಿ ಬೀಜಕ್ಕೆ, ಜೀನ್ ಪುಕ್ಕಟೆ. ಕಳೆ ತೆಗೆಯುವ ಮತ್ತು ಹತ್ತಿ ಬಿಡಿಸುವ ಕೂಲಿಯ ಮುಂದೆ ಈ 901 ಏನೇನೂ ಅಲ್ಲ.

ಈಗ ನನಗೆ ಇಷ್ಟದ ಭಾಗ. ಈ ಜೀನ್ ಹತ್ತಿಯೊಳಗೆ ಹೋಗಿದ್ದು ಹೇಗೆ?

ಹತ್ತಿ ಲ್ಯಾಬಿನಲ್ಲಿ ಮಹಾ ಹಠಮಾರಿ. ತಂಬಾಕಿನ ಎಲೆ ಕತ್ತರಿಸಿ ಮಾಧ್ಯಮದ, ಅಂದರೆ ಪೋಷಕಾಂಶ ಬೆರೆಸಿದ ಲೋಳೆಯ, ಮೇಲಿಟ್ಟರೆ ಕೆಲವೇ ವಾರದಲ್ಲಿ ಚಿಗುರುತ್ತದೆ, ಮಕ್ಕಳೂ ಮಾಡಬಹುದು. ಹತ್ತಿ ಹಾಗಲ್ಲ. ಬೀಜ ತೊಳೆದು, ರೋಗಾಣು ಸಾಯಿಸಿ, ಬಾಟಲಿಯಲ್ಲಿ ಮೊಳಕೆ ಬರಿಸಬೇಕು. ಬೇರಿಗೂ ಎಲೆಗೂ ನಡುವಿನ ಎಳೆ ಕಾಂಡವನ್ನು ಚೂರು ಮಾಡಿ, ಆಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ದ್ರವದಲ್ಲಿ ಅದ್ದಬೇಕು. ಗಿಡದ ಜೀವಕೋಶಕ್ಕೆ ತನ್ನ ಡಿಎನ್‌ಎ ತುರುಕುವುದು ಈ ಬ್ಯಾಕ್ಟೀರಿಯಾದ ಹುಟ್ಟುಗುಣ, ನಾವು ಅದರ ಸಾಮಾನು ತೆಗೆದು ನಮ್ಮ ಜೀನ್ ಇಟ್ಟಿರುತ್ತೇವೆ ಅಷ್ಟೇ. ಆಮೇಲೆ ಆ ಚೂರುಗಳನ್ನು ಕೆನಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹಾಕಿದ ಮಾಧ್ಯಮದ ಮೇಲೆ ಇಡುತ್ತೇವೆ. ಹೊಸ ಜೀನಿನ ಜೊತೆ ಕೆನಾಮೈಸಿನ್ ತಡೆಯುವ ಇನ್ನೊಂದು ಜೀನನ್ನೂ ಕಳಿಸಿರುತ್ತೇವಲ್ಲ, ಅದು ಸಿಕ್ಕ ಕೋಶ ಬದುಕುತ್ತದೆ, ಸಿಗದ್ದು ಸಾಯುತ್ತದೆ. ಬದುಕಿದ್ದರಿಂದ ಕ್ಯಾಲಸ್ ಅಂದರೆ ರೂಪ ಇಲ್ಲದ ಕೋಶದ ಗಡ್ಡೆ ಬೆಳೆಯುತ್ತದೆ. ಅದು ಉಬ್ಬಲಿ ಅಂತ ಮಾಧ್ಯಮಕ್ಕೆ ಹಾಕುವ ಹಾರ್ಮೋನು ಯಾವುದು ಗೊತ್ತಾ? 2,4-ಡಿ. ಹೌದು, ಪಕ್ಕದ ಜೋಳದ ಹೊಲಕ್ಕೆ ಕಳೆ ಸಾಯಲಿ ಅಂತ ಹೊಡೆದಾಗ ಗಾಳಿಗೆ ತೇಲಿಬಂದು ನಮ್ಮ ಹತ್ತಿಯ ಎಲೆಯನ್ನು ಬೆರಳಿನ ಹಾಗೆ ಸೀಳಿಬಿಡುತ್ತದಲ್ಲ, ಅದೇ. ಹೊಲದಲ್ಲಿ ಹತ್ತಿಯ ವೈರಿ, ಬಾಟಲಿಯಲ್ಲಿ ಚೂರೇ ಚೂರು ಹಾಕಿದರೆ ಹತ್ತಿಯ ದಾದಿ.

ಗಡ್ಡೆ ಬೆಳೆಸುವುದು ಸುಲಭ. ಗಡ್ಡೆಯಿಂದ ಗಿಡ ಬರಿಸುವುದರಲ್ಲೇ ಪ್ರಾಣ ಹೋಗುತ್ತದೆ. ಒಂದಷ್ಟು ಗಡ್ಡೆ ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ, ಹತ್ತಿಯಲ್ಲಿ ಗಾಳಿ ತಾಗಿದರೆ ಕಪ್ಪಾಗುವ ಫೀನಾಲ್ ಎಂಬ ವಸ್ತು ಜಾಸ್ತಿ, ಕತ್ತರಿಸಿದ ಕಡೆಯೆಲ್ಲ ಕಪ್ಪು. ಒಂದಷ್ಟಕ್ಕೆ ಶಿಲೀಂಧ್ರ ಹತ್ತುತ್ತದೆ. ಇನ್ನೊಂದಷ್ಟು ತಿಂಗಳುಗಟ್ಟಲೆ ಹಸಿರಾಗಿ, ಆರೋಗ್ಯವಾಗಿ, ಸುಮ್ನೆ ಗಡ್ಡೆಯಾಗಿಯೇ ಕೂತಿರುತ್ತದೆ. ಅದೃಷ್ಟ ಇದ್ದರೆ ಎಲ್ಲೋ ಒಂದು ಮೂಲೆಯಲ್ಲಿ ಕೆನೆಬಣ್ಣದ, ಪುಡಿಪುಡಿಯಾದ ಭಾಗ ಕಾಣುತ್ತದೆ. ಅದರಿಂದ ಬೀಜದೊಳಗಿನ ಭ್ರೂಣದ ಹಾಗೇ ಇರುವ ಭ್ರೂಣಗಳು ಹುಟ್ಟುತ್ತವೆ, ಹೂವಿಲ್ಲ, ಪರಾಗ ಇಲ್ಲ, ಮೈಯ ಕೋಶದಿಂದಲೇ. ಅವುಗಳಲ್ಲೂ ಎಷ್ಟೋ ಸೊಟ್ಟ, ಎಷ್ಟಕ್ಕೋ ಬೇರು ಬರುತ್ತದೆ ಚಿಗುರು ಬರುವುದಿಲ್ಲ. ಚೂರು ಕತ್ತರಿಸಿದ ದಿನದಿಂದ ಕುಂಡದಲ್ಲಿ ಗಿಡ ನಿಲ್ಲುವವರೆಗೆ ವರ್ಷದ ಹತ್ತಿರ ಹತ್ತಿರ ಹಿಡಿಯುತ್ತದೆ. ಅಷ್ಟಾದ ಮೇಲೂ ಆ ಗಿಡ ಬಂಜೆಯಾಗಿ ಕಾಯಿ ಕಟ್ಟದೆ ಹೋಗಬಹುದು.

ಗಡ್ಡೆಯಿಂದ ಹತ್ತಿ ಗಿಡ ಎಬ್ಬಿಸಿದ ಮೊದಮೊದಲ ವರದಿ ಬಂದಿದ್ದು 1983ರಲ್ಲಿ. ಹೊರಗಿನ ಜೀನ್ ಸೇರಿಸಿದ ಹತ್ತಿ ಗಿಡ 1987ರಲ್ಲಿ. ಹುಳ ತಡೆಯುವ ಹತ್ತಿಯ ವರದಿ 1990ರಲ್ಲಿ. ಈ ಕೆಲಸಕ್ಕೆಲ್ಲ ಲ್ಯಾಬುಗಳು ಒಂದೇ ಕುಟುಂಬದ ತಳಿಗಳಿಗೆ ಗಂಟು ಬಿದ್ದವು: ಅಮೆರಿಕದ ಸೌತ್ ಕ್ಯಾರೊಲಿನಾದ ಕೋಕರ್ ತಳಿಗಳು, ಮುಖ್ಯವಾಗಿ ಕೋಕರ್ 312. ಅದು ಇಳುವರಿಯಲ್ಲಿ ರಾಜ ಅಂತಲ್ಲ, ನಮ್ಮ ಹೊಲಕ್ಕೆ ಒಗ್ಗುತ್ತದೆ ಅಂತಲೂ ಅಲ್ಲ. ಗಡ್ಡೆಯಿಂದ ಗಿಡವಾಗಲು ಒಪ್ಪುತ್ತದೆ, ಅಷ್ಟೇ ಅದರ ಅರ್ಹತೆ. ನಮ್ಮ ತಳಿಗಳು ಒಪ್ಪುವುದಿಲ್ಲ. ಅದಕ್ಕೇ ನಮ್ಮ ಕಡೆಯವರು ಗಡ್ಡೆಯ ದಾರಿ ಬಿಟ್ಟು, ಮೊಳಕೆಯ ಬೆಳೆಯುವ ತುದಿಗೇ ಬ್ಯಾಕ್ಟೀರಿಯಾ ಹಚ್ಚಿ ನೋಡುವ ದಾರಿಯನ್ನೂ ಹಿಡಿಯುತ್ತಾರೆ. ಅದರಲ್ಲಿ ಗಿಡ ಬೇಗ ಬರುತ್ತದೆ, ಆದರೆ ಗಿಡದ ಒಂದು ಟೊಂಗೆಯಲ್ಲಿ ಜೀನ್ ಇದ್ದು ಇನ್ನೊಂದರಲ್ಲಿ ಇಲ್ಲ ಎನ್ನುವ ತಾಪತ್ರಯ ಇರುತ್ತದೆ.

ಪ್ಯಾಕೆಟ್ಟಿಗೆ ಬರೋಣ. ಇದಕ್ಕೂ ಮೊದಲು ಬಂದ ಬಿಜಿ-1ರಲ್ಲಿ ಇದ್ದದ್ದು ಕ್ರೈ1ಎಸಿ ಎಂಬ ಒಂದೇ ಜೀನ್, ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅಂದರೆ ಬಿಟಿ ಬ್ಯಾಕ್ಟೀರಿಯಾದ್ದು. ಅದನ್ನು ಕೋಕರ್ 312ರೊಳಗೆ ಇದೇ ಗಡ್ಡೆಯ ದಾರಿಯಲ್ಲಿ ಕೂರಿಸಿದ್ದರು. ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಬಿಜಿ-2ಕ್ಕೆ ಮತ್ತೆ ಮೊದಲಿಂದ ಶುರು ಮಾಡಲಿಲ್ಲ. ಕ್ರೈ1ಎಸಿ ಆಗಲೇ ಇದ್ದ ಡಿಪಿ50ಬಿ ಎಂಬ ಅಮೆರಿಕನ್ ತಳಿಗೆ ಜೀನ್ ಗನ್ನಿನಿಂದ, ಅಂದರೆ ಡಿಎನ್‌ಎ ಲೇಪಿಸಿದ ಲೋಹದ ಸೂಕ್ಷ್ಮ ಕಣಗಳನ್ನು ಹೊಡೆದು, ಕ್ರೈ2ಎಬಿ ಎಂಬ ಎರಡನೆಯ ಜೀನ್ ಸೇರಿಸಿದರು. ಅದಕ್ಕೆ ಇಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು. ಆ ಎರಡನೇ ಜೀನಿನ ಜೊತೆ ಗಸ್ ಎಂಬ ಗುರುತಿನ ಜೀನೂ ಬಂದಿದೆ. ನಿಮ್ಮ ಹೊಲದ ಬಿಜಿ-2 ಎಲೆಯ ಚೂರನ್ನು ಲ್ಯಾಬಿನಲ್ಲಿ ಸರಿಯಾದ ರಾಸಾಯನಿಕದಲ್ಲಿ ನೆನೆಸಿಟ್ಟರೆ ನೀಲಿಯಾಗುತ್ತದೆ. ರೈತನಿಗೆ ಇದರಿಂದ ಮೂರು ಕಾಸಿನ ಉಪಯೋಗ ಇಲ್ಲ, ನನಗೆ ಮಾತ್ರ ಮಜಾ ಅನಿಸುತ್ತದೆ.

ಹಾಗೆ ಅಲ್ಲಿ ಹುಟ್ಟಿದ ಗಿಡವನ್ನು ಇಲ್ಲಿಯ ತಳಿಗಳ ಜೊತೆ ಮತ್ತೆ ಮತ್ತೆ ಕ್ರಾಸ್ ಮಾಡಿ, ಜೀನ್ ಉಳಿಸಿಕೊಂಡು ಅಮೆರಿಕನ್ ಗುಣ ಕಳೆದು, ಹೈಬ್ರಿಡ್‌ನ ತಂದೆ ಅಥವಾ ತಾಯಿ ಮಾಡಿಕೊಂಡಿದ್ದಾರೆ. ಲ್ಯಾಬಿನಲ್ಲಿ ಗೆದ್ದದ್ದು ಒಂದೇ ಗಿಡ. ಉಳಿದದ್ದೆಲ್ಲ ಹಳೆಯ ಕಾಲದ ಕ್ರಾಸಿಂಗ್ ಕೆಲಸ. ರಾಣೆಬೆನ್ನೂರು ಸೀಮೆಯ ಸೀಡ್ಸ್ ಪ್ಲಾಟಿನಲ್ಲಿ, ಅಂದರೆ ಹೈಬ್ರಿಡ್ ಬೀಜ ತಯಾರಿಸುವ ಹೊಲದಲ್ಲಿ, ಹೆಣ್ಣುಮಕ್ಕಳು ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಸವರುತ್ತಾರಲ್ಲ, ಅವರ ಬೆರಳಿಲ್ಲದೆ ಒಂದು ಪ್ಯಾಕೆಟ್ಟೂ ತುಂಬುವುದಿಲ್ಲ. ಪ್ಯಾಕೆಟ್ ಮೇಲೆ ಅವರ ಫೋಟೊ ಮಾತ್ರ ಇಲ್ಲ.

ಇನ್ನು ಹೊಲದ ಮಾತು. ಹಸಿರು ಕಾಯಿಕೊರಕದ ಹಳೆಯ ಕಥೆ ನಮ್ಮ ಹಿರಿಯರನ್ನು ಕೇಳಿ. ವಾರಕ್ಕೊಮ್ಮೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದರೂ ಹುಳ ಸಾಯದ ಕಾಲ ಅದು, 1990ರ ದಶಕದ ಕೊನೆ. ಸಾಲ ಮಾಡಿ ಔಷಧ ತಂದವರು ಅದೇ ಔಷಧ ಕುಡಿದ ಸುದ್ದಿಗಳು ಬರುತ್ತಿದ್ದವು. ಬಿಟಿ ಬಂದ ಮೇಲೆ ಆ ಹುಳ ನಿಂತಿತು. ಸುಳ್ಳು ಹೇಳಬಾರದು, ಇವತ್ತಿಗೂ ಅದು ನಮ್ಮ ಹತ್ತಿಯಲ್ಲಿ ದೊಡ್ಡ ತಲೆನೋವಲ್ಲ. ಹುಳ ಎಲೆಯನ್ನೋ ಮೊಗ್ಗನ್ನೋ ಕಡಿದರೆ ಬಿಟಿ ಜೀನ್ ತಯಾರಿಸಿದ ಪ್ರೋಟೀನು ಅದರ ಹೊಟ್ಟೆಗೆ ಹೋಗಿ, ಕರುಳಿನ ಗೋಡೆಗೆ ಅಂಟಿ, ತೂತು ಮಾಡುತ್ತದೆ. ಹುಳ ತಿನ್ನುವುದು ನಿಲ್ಲಿಸಿ ಸಾಯುತ್ತದೆ. ನಮ್ಮ ಕರುಳಿನಲ್ಲಿ ಅದು ಅಂಟುವ ಜಾಗವೇ ಇಲ್ಲ.

ಇದೇ ಬಿಟಿಯ ಪರೀಕ್ಷೆಯ ಹೊಲಗಳನ್ನು 1998ರಲ್ಲಿ ರಾಯಚೂರು, ಬಳ್ಳಾರಿ ಕಡೆ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಕಿತ್ತು ಸುಟ್ಟಿತ್ತು. ಗುಟ್ಟಾಗಿ ಪರೀಕ್ಷೆ ಮಾಡಿದರು, ಹೊಲದ ರೈತನಿಗೇ ಸರಿಯಾಗಿ ಹೇಳಿರಲಿಲ್ಲ ಎಂಬುದು ಆಗಿನ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ ಅನಿಸುತ್ತದೆ ನನಗೆ. ಆದರೆ ಕೆಲವೇ ವರ್ಷದಲ್ಲಿ ರೈತರೇ ಸಾಲುಗಟ್ಟಿ ನಿಂತು ಈ ಬೀಜ ಕೊಂಡರು ಎನ್ನುವುದೂ ನಿಜ. ಎರಡೂ ನಿಜ ಆಗಬಹುದು, ಅಲ್ವಾ?

ಈಗ ಒಂದು ನಕ್ಷತ್ರದ ಕಥೆ. ಗುಲಾಬಿ ಹುಳ.

ಇದು ಕಣ್ಣಿಗೆ ಬೀಳುವ ಹುಳ ಅಲ್ಲ. ಮೊಟ್ಟೆಯೊಡೆದ ಮರಿ ಮೊಗ್ಗಿಗೋ ಎಳೆ ಕಾಯಿಗೋ ತೂತು ಕೊರೆದು ಒಳಗೆ ಹೋಗುತ್ತದೆ, ತೂತು ಮುಚ್ಚಿಕೊಳ್ಳುತ್ತದೆ. ಹೊರಗಿಂದ ಕಾಯಿ ಚೆಂದವೋ ಚೆಂದ. ಬಿರಿದಾಗ ನೋಡಿದರೆ ಅರಳೆ ಹಳದಿ, ಒಂದು ತೊಳೆ ಬಿಚ್ಚಿಕೊಂಡಿದೆ ಇನ್ನೊಂದು ಕಲ್ಲಾಗಿದೆ, ಬೀಜ ಟೊಳ್ಳು. ಆಗ ಎಷ್ಟು ಎಣ್ಣೆ ಹೊಡೆದರೂ ಅದು ಗಿಡಕ್ಕೆ ಸ್ನಾನ ಮಾಡಿಸಿದ ಹಾಗೆ. ಬಿಜಿ-1ಕ್ಕೆ ಈ ಹುಳ ಜಗ್ಗುತ್ತಿಲ್ಲ ಎಂದು ಗುಜರಾತಿನಿಂದ ಸುದ್ದಿ ಬಂದು, ತಂತ್ರಜ್ಞಾನದ ಒಡೆಯರಾದ ಮೊನ್ಸಾಂಟೊ ಕಂಪನಿಯವರೇ 2010ರಲ್ಲಿ ಒಪ್ಪಿಕೊಂಡರು. 2015ರ ಹೊತ್ತಿಗೆ ಬಿಜಿ-2ಕ್ಕೂ ಅದೇ ಗತಿ. ಆಮೇಲೆ ನಮ್ಮ ಕಡೆಯೂ ಹಬ್ಬಿತು. 2006ರ ನಂತರ ಹುಳಕ್ಕೆಂದು ಹೊಸ ಜೀನಿನ ಹತ್ತಿ ಯಾವುದೂ ಈ ದೇಶದ ಅಂಗಡಿಯಲ್ಲಿ ನೆಲೆ ನಿಂತಿಲ್ಲ, ಹಾಗಾಗಿ ನಾವು ಕೊಳ್ಳುತ್ತಿರುವುದು ಇಪ್ಪತ್ತು ವರ್ಷ ಹಳೆಯ ಬೀಗ. ಕಳ್ಳನ ಕೈಗೆ ಕೀಲಿ ಸಿಕ್ಕು ಹತ್ತು ವರ್ಷ ಆಯಿತು.

ಹಸಿರು ಹುಳ ಯಾಕೆ ಇನ್ನೂ ಸಾಯುತ್ತದೆ, ಗುಲಾಬಿ ಹುಳ ಯಾಕೆ ಗೆದ್ದಿತು? ಹಸಿರು ಹುಳ ತೊಗರಿ ತಿನ್ನುತ್ತದೆ, ಕಡಲೆ ತಿನ್ನುತ್ತದೆ, ಸೂರ್ಯಕಾಂತಿ, ಟೊಮೆಟೊ ಏನು ಸಿಕ್ಕರೂ ತಿನ್ನುತ್ತದೆ. ಅಲ್ಲಿ ಬಿಟಿ ಇಲ್ಲ. ಹಾಗಾಗಿ ಬಿಟಿಗೆ ಸಾಯುವ ಜಾತಿಯ ಹುಳಗಳು ಸಾಕಷ್ಟು ಉಳಿದು, ಗಟ್ಟಿ ಹುಳಗಳ ಜೊತೆ ಕೂಡಿ, ಗಟ್ಟಿತನವನ್ನು ತೆಳುವಾಗಿಸುತ್ತವೆ. ಗುಲಾಬಿ ಹುಳಕ್ಕೆ ಹತ್ತಿ ಬಿಟ್ಟರೆ ಹೆಚ್ಚುಕಡಿಮೆ ಬೇರೆ ಊಟ ಇಲ್ಲ. ಊರೆಲ್ಲ ಬಿಟಿ ಹತ್ತಿ ಆದ ಮೇಲೆ ಅದಕ್ಕೆ ಎರಡೇ ದಾರಿ, ಸಾಯಬೇಕು ಇಲ್ಲ ಬದಲಾಗಬೇಕು.

ಇದಕ್ಕೆ ನಮ್ಮ ಹೈಬ್ರಿಡ್ ಹುಚ್ಚೂ ಸೇರಿಕೊಂಡಿತು. ಬೇರೆ ದೇಶಗಳಲ್ಲಿ ಬಿಟಿ ಹತ್ತಿ ಹೆಚ್ಚಾಗಿ ಸಾದಾ ತಳಿ, ಗಿಡದ ಎಲ್ಲ ಬೀಜದಲ್ಲೂ ಜೀನ್ ಇರುತ್ತದೆ. ನಮ್ಮದು ಹೈಬ್ರಿಡ್, ತಂದೆ ತಾಯಿಗಳಲ್ಲಿ ಸಾಮಾನ್ಯವಾಗಿ ಒಬ್ಬರಿಂದ ಮಾತ್ರ ಜೀನ್ ಬಂದಿರುತ್ತದೆ. ಹೊಲದ ಗಿಡದಲ್ಲಿ ಜೀನ್ ಇದೆ ಸರಿ, ಆದರೆ ಆ ಗಿಡ ಕಟ್ಟಿದ ಕಾಯಿಯೊಳಗಿನ ಬೀಜಗಳಲ್ಲಿ ಅದು ಹಂಚಿಹೋಗುತ್ತದೆ. ಒಂದೊಂದು ಜೀನಿನ ಲೆಕ್ಕದಲ್ಲೂ ಕಾಲು ಭಾಗ ಬೀಜಕ್ಕೆ ಅದು ಸಿಗುವುದಿಲ್ಲ, ಕೆಲವಕ್ಕೆ ಎರಡೂ ಇಲ್ಲ. ಗುಲಾಬಿ ಹುಳ ತಿನ್ನುವುದು ಬೀಜವನ್ನೇ. ಒಂದು ಬೀಜದಲ್ಲಿ ವಿಷ, ಪಕ್ಕದ್ದರಲ್ಲಿ ಅರ್ಧ ವಿಷ, ಅದರ ಪಕ್ಕದ್ದು ಖಾಲಿ. ಹೀಗೆ ಸ್ವಲ್ಪ ಸ್ವಲ್ಪ ರುಚಿ ತೋರಿಸಿ ನಾವೇ ಹುಳವನ್ನು ಪಳಗಿಸಿದ ಹಾಗಾಯಿತು. ಮೇಲೆ ಗಿಡಕ್ಕೆ ವಯಸ್ಸಾದ ಹಾಗೆ ವಿಷದ ಪ್ರಮಾಣವೂ ಇಳಿಯುತ್ತದೆ, ಮೂರೂವರೆ ತಿಂಗಳು ದಾಟಿದ ಗಿಡದ ಮೇಲೆ ಜಾಸ್ತಿ ಭರವಸೆ ಬೇಡ. ನಮ್ಮ ಉದ್ದ ಅವಧಿಯ ಹೈಬ್ರಿಡ್‌ಗಳೋ, ನೀರು ಇದ್ದರೆ ಫೆಬ್ರವರಿವರೆಗೂ ಕಾಯಿ ಬಿಡುತ್ತಾ ನಿಂತಿರುತ್ತವೆ.

ಅಮೆರಿಕದವರು ಇದೇ ಗುಲಾಬಿ ಹುಳವನ್ನು ತಮ್ಮ ಹತ್ತಿ ಸೀಮೆಯಿಂದ ನಿರ್ಮೂಲ ಮಾಡಿದ್ದೇವೆಂದು 2018ರಲ್ಲಿ ಘೋಷಿಸಿದರು. ಬಿಟಿ ಹತ್ತಿ ಜೊತೆಗೆ ಬಂಜೆ ಮಾಡಿದ ಪತಂಗಗಳನ್ನು ವಿಮಾನದಿಂದ ಬಿಟ್ಟರು, ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ವಸ್ತು ಬಳಸಿದರು, ಬೆಳೆ ಮುಗಿದ ಮೇಲೆ ಹೊಲ ಸ್ವಚ್ಛ ಮಾಡಿದರು. ಅವರ ಕೈಯಲ್ಲಿದ್ದದ್ದೂ ಇದೇ ಜೀನ್.

ಸಾದಾ ತಳಿಯಲ್ಲಿ ಬಿಟಿ ಕೊಡುವ ಪ್ರಯತ್ನ ನಮ್ಮಲ್ಲೂ ಆಗಿತ್ತು, ಅದರಲ್ಲಿ ಧಾರವಾಡದ ಪಾಲಿತ್ತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ದೆಹಲಿಯ ಸಂಶೋಧನಾ ಕೇಂದ್ರ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ತಳಿಗೆ ಕ್ರೈ1ಎಸಿ ಸೇರಿಸಿದವು. 2008ರಲ್ಲಿ ಅನುಮತಿ, 2009ರಲ್ಲಿ ರೈತರ ಕೈಗೆ. ಬೀಜ ಮನೆಯಲ್ಲೇ ಇಟ್ಟುಕೊಂಡು ಮತ್ತೆ ಬಿತ್ತಬಹುದಿತ್ತು. ಆದರೆ ಆ ಬೀಜದಲ್ಲಿ ಮೊನ್ಸಾಂಟೊದ ಜೀನಿನ ಗುರುತು ಸಿಕ್ಕಿ, ಮಾರಾಟ ನಿಂತು, ತನಿಖಾ ಸಮಿತಿ ಕೂತು, 2012ರಲ್ಲಿ ವರದಿ ಬಂತು. ವರಲಕ್ಷ್ಮಿ ಹೈಬ್ರಿಡ್ ಕೊಟ್ಟ ಊರು ಧಾರವಾಡ, ಡಿಸಿಎಚ್-32 ಕೊಟ್ಟ ಊರು. ಅಂಥ ಕಡೆ ಹೀಗಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಆ ದಾರಿ ಹಾಗೆ ಹಿಂದೆ ಬಿದ್ದದ್ದು ಇನ್ನೂ ದೊಡ್ಡ ನಷ್ಟ.

ಕೊಳ್ಳುವ ಅನುಭವಕ್ಕೂ ನಕ್ಷತ್ರ ಕೊಡಬೇಕಲ್ಲ. ಒಂದು ಅಂಗಡಿಯಲ್ಲಿ, ಹೆಸರು ಬೇಡ, ಬೇಡಿಕೆ ಇರುವ ಬೀಜ ಕೇಳಿದರೆ ಜೊತೆಗೆ ಇಂಥ ಟಾನಿಕ್ ತಗೊಳ್ಳಲೇಬೇಕು ಅಂದರು. ಟಾನಿಕ್ ಬಾಟಲಿ ಬೀಜದ ಪ್ಯಾಕೆಟ್ಟಿಗಿಂತ ತುಟ್ಟಿ. ಬಿಲ್ಲು ಕೇಳಿದ ಕೂಡಲೇ ಸ್ಟಾಕ್ ಖಾಲಿ ಆಯಿತು. ಬಿಲ್ಲಿಲ್ಲದೆ ತರಬೇಡಿ. ಮೊಳಕೆ ಬರದಿದ್ದರೆ, ಕಾಯಿ ಕಟ್ಟದಿದ್ದರೆ ದೂರು ಕೊಡಲು ಲಾಟ್ ನಂಬರು ಇರುವ ಆ ಚೀಟಿಯೇ ಆಧಾರ. ಖಾಲಿ ಪ್ಯಾಕೆಟ್ಟನ್ನೂ ಬೆಳೆ ಮುಗಿಯುವವರೆಗೆ ಎಸೆಯಬೇಡಿ. ಕಳೆನಾಶಕ ತಡೆಯುವ ಬೀಜ ಅಂತ ಗುಟ್ಟಾಗಿ ಮಾರುವ ಪ್ಯಾಕೆಟ್‌ಗಳೂ ತಿರುಗುತ್ತಿರುತ್ತವೆ. ಅದಕ್ಕೆ ಈ ದೇಶದಲ್ಲಿ ಅನುಮತಿ ಇಲ್ಲ, ಬಿಲ್ಲೂ ಇಲ್ಲ, ಒಳಗೆ ಏನಿದೆ ಎನ್ನುವುದಕ್ಕೆ ಜವಾಬ್ದಾರರೂ ಇಲ್ಲ. ಕಳೆ ಕೂಲಿ ಉಳಿಯುತ್ತದೆ ಎನ್ನುವ ಆಸೆ ಅರ್ಥವಾಗುತ್ತದೆ, ನಾನಂತೂ ಮುಟ್ಟುವುದಿಲ್ಲ.

ಆ 25 ಗ್ರಾಂ ಬಿಟಿ ಅಲ್ಲದ ಬೀಜದ ಬಗ್ಗೆ ಬಹಳ ಜನ ಗೊಣಗುತ್ತಾರೆ. ಮೊದಲು ಅದನ್ನು 120 ಗ್ರಾಂನ ಬೇರೆ ಪೊಟ್ಟಣದಲ್ಲಿ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಿ ಅಂತ. ಎಷ್ಟು ಜನ ಬಿತ್ತಿದರು? ಬದುವಿಗೆ ಎಸೆದರು, ಇಲ್ಲ ಹಾಗೇ ಮನೆಯಲ್ಲಿಟ್ಟರು. ಬಿಟಿಗೆ ಸಾಯುವ ಹುಳ ಉಳಿಯಲಿ ಅಂತ ಇಟ್ಟ ಊಟ ಅದು. ಈಗ ಬೆರೆಸಿಯೇ ಕೊಡುತ್ತಾರೆ, ಆರಿಸಿ ಎಸೆಯಲು ಆಗುವುದಿಲ್ಲ. ಗುಲಾಬಿ ಹುಳದ ಮಟ್ಟಿಗೆ ಇದು ತಡವಾಗಿ ಬಂದ ಬುದ್ಧಿ. ಕೆಲವು ಗಿಡಕ್ಕೆ ಹಸಿರು ಹುಳ ಹತ್ತಿದರೆ ಬೀಜ ಕಳಪೆ ಅಂತ ಅಂಗಡಿಗೆ ಜಗಳಕ್ಕೆ ಹೋಗಬೇಡಿ, ಅವು ಆ 25 ಗ್ರಾಂನ ಗಿಡಗಳಿರಬಹುದು.

ಯಾರು ಕೊಳ್ಳಬಹುದು? ಜೂನ್‌ನಲ್ಲಿ ಬಿತ್ತಿ ಡಿಸೆಂಬರ್ ಒಳಗೆ ಹೊಲ ಖಾಲಿ ಮಾಡುವವರು ಧೈರ್ಯವಾಗಿ ಕೊಳ್ಳಿ, ಅದರಲ್ಲೂ ಕಡಿಮೆ ದಿನದ ಹೈಬ್ರಿಡ್ ಕೇಳಿ. ನೀರಾವರಿ ಇದೆ, ಇನ್ನೆರಡು ಕಟಾವು ಹೊಡೆಯೋಣ ಅನ್ನುವವರಿಗೆ ಈ ಪ್ಯಾಕೆಟ್ ಏನೂ ಕಾವಲು ಕೊಡುವುದಿಲ್ಲ. ಬಿತ್ತಿದ ಒಂದೂವರೆ ತಿಂಗಳಿಗೆ ಎಕರೆಗೆ ಎರಡು ಮೋಹಕ ಬಲೆ ಕಟ್ಟಿ. ಒಂದು ಬಲೆಗೆ ದಿನಕ್ಕೆ ಎಂಟು ಪತಂಗದಂತೆ ಸತತ ಮೂರು ದಿನ ಬಿದ್ದರೆ ಔಷಧದ ಹೊತ್ತು ಬಂತು ಅಂತ. ಪೂರ್ತಿ ಅರಳದೆ ದಳ ಸುರುಟಿಕೊಂಡ ಹೂ ಕಂಡರೆ ಕಿತ್ತು ಒಳಗೆ ನೋಡಿ, ಮರಿ ಇದ್ದರೆ ಅಲ್ಲೇ ಹಿಸುಕಿ. ಹತ್ತಿ ಕಟ್ಟಿಗೆಯನ್ನು ಒಲೆಗೆ ಬೇಕು ಅಂತ ಮುಂದಿನ ಮಳೆಗಾಲದವರೆಗೆ ಬಣವೆ ಹಾಕಿಟ್ಟರೆ ಅದರ ಒಣಕಾಯಿಯಲ್ಲಿ ಹುಳ ಮಲಗಿರುತ್ತದೆ. ಚೂರು ಮಾಡಿ ಮಣ್ಣಿಗೆ ಸೇರಿಸುವ ಯಂತ್ರ ಈಗ ಬಾಡಿಗೆಗೂ ಸಿಗುತ್ತದೆ. ನಮ್ಮ ಓಣಿಯಲ್ಲಿ ಅರ್ಧ ಜನ ಇನ್ನೂ ಬಣವೆಯನ್ನೇ ಹಾಕುತ್ತಾರೆ, ಉಳಿದರ್ಧ ಜನರ ಹೊಲಕ್ಕೂ ಹುಳ ಅಲ್ಲಿಂದಲೇ ಬರುತ್ತದೆ.